ಮೊಟ್ಟೆಯ ಬಿಳೀದಕ್ಕೆ ಯಾರಿಟ್ಟ ಹೆಸರು?

(ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹರೂಪ)



ಇವತ್ತು ನಾವು ಮಾತಾಡೋದು ಮೊಟ್ಟೆ ವಿಷಯ. ಅದರಲ್ಲೂ ಇಡೀ ಮೊಟ್ಟೆ ಅಲ್ಲ, ಮೊಟ್ಟೆ ಒಳಗಿನ ಬಿಳೀದರ ವಿಷಯ. ಭೂಮಿ, ಕೂಲಿ, ದೌರ್ಜನ್ಯ, ಸ್ಕಾಲರ್‌ಷಿಪ್ಪು ಇಷ್ಟೆಲ್ಲಾ ತಲೆ ಮೇಲಿರುವಾಗ ಮೊಟ್ಟೆ ಬಿಳೀದರ ಬಗ್ಗೆ ಒಂದು ಭಾಷಣವೇ ಅಂತ ಯಾರಾದರೂ ನಗಬಹುದು. ನಗಲಿ. ನಕ್ಕವರನ್ನು ಒಂದೇ ಒಂದು ಪ್ರಶ್ನೆ ಕೇಳೋಣ: ಅದಕ್ಕೆ ಹೆಸರೇನು?

ನಮ್ಮ ಮನೆಗಳಲ್ಲಿ ಅದು 'ಬಿಳೀದು'. ಒಳಗಿರೋದು 'ಹಳದೀದು'. ಇಷ್ಟೇ. ಅವ್ವ ಬೇಯಿಸಿದ ಮೊಟ್ಟೆಯನ್ನು ದಾರದಲ್ಲಿ ಎರಡು ಭಾಗ ಮಾಡಿ, 'ಬಿಳೀದು ನೀನು ತಿನ್ನು, ಹಳದೀದು ತಂಗಿಗೆ ಕೊಡು' ಅಂದರೆ ಯಾರಿಗೂ ಅನುಮಾನ ಬರೋದಿಲ್ಲ. ಅದೇ ವಿಜ್ಞಾನದ ಕನ್ನಡಕ್ಕೆ ಬಂದರೆ 'ಬಿಳಿ ಲೋಳೆ'. ಡಾಕ್ಟರ ಬಾಯಲ್ಲಿ, ಜಿಮ್ಮಿನ ಬಾಯಲ್ಲಿ 'ಎಗ್‌ವೈಟ್'. ಆಸ್ಪತ್ರೆಯ ಚೀಟಿಯಲ್ಲಿ 'ಆಲ್ಬುಮಿನ್'. ಅದರಲ್ಲಿರುವ ಪೌಷ್ಟಿಕಕ್ಕೆ ಹಳೆಯ ಪಾಠದ ಪುಸ್ತಕದಲ್ಲಿ 'ಸಸಾರಜನಕ'. ವಸ್ತು ಒಂದೇ, ಬೆಲೆ ಒಂದೇ, ಇಟ್ಟಿದ್ದೂ ಅದೇ ಕೋಳಿ. ಹೆಸರು ಮಾತ್ರ ಬೀದಿಯಿಂದ ಬೀದಿಗೆ ಬದಲಾಗ್ತದೆ. ಹೆಸರು ಬದಲಾದ ಹಾಗೆ ಮರ್ಯಾದೆಯೂ ಬದಲಾಗ್ತದೆ. ಇದು ಸಣ್ಣ ವಿಷಯ ಅಂತ ನಮಗೆ ಅನ್ನಿಸೋದಿಲ್ಲ.

ಮೊದಲು ನಮ್ಮ ಕೇರಿಯ ಕೋಳಿಯಿಂದಲೇ ಶುರು ಮಾಡೋಣ. ನಮ್ಮ ಹಿರೀಕರ ಮನೆಗಳಲ್ಲಿ ಕೋಳಿ ಇತ್ತು, ಮೊಟ್ಟೆ ತಿನ್ನೋ ಭಾಗ್ಯ ಮಾತ್ರ ಕಡಿಮೆ ಇತ್ತು. ಮೊಟ್ಟೆ ಅಂದರೆ ನಾಳೆಯ ಕೋಳಿ. ಕಾವಿಗೆ ಇಟ್ಟರೆ ಮರಿ, ಮರಿ ಬೆಳೆದರೆ ಸಂತೆಗೆ. ಇಲ್ಲವಾದರೆ ನಾಲ್ಕು ಮೊಟ್ಟೆ ಮಾರಿ ಉಪ್ಪು, ಮೆಣಸಿನಕಾಯಿ, ಸೀಮೆಎಣ್ಣೆ. ಹೆರಿಗೆಯಾದವಳಿಗೆ, ಜ್ವರದಿಂದ ಎದ್ದ ಮಗುವಿಗೆ ಒಂದು ಮೊಟ್ಟೆ ಬೇಯಿಸಿದರೆ ಅದೇ ಹೆಚ್ಚು. ಹೊಟ್ಟೆ ತುಂಬ ಮೊಟ್ಟೆ ತಿಂದು ಬೆಳೆದ ಜನ ನಾವಲ್ಲ. ಮೊಟ್ಟೆ ಸಾಕಿ, ಮೊಟ್ಟೆ ಮಾರಿ, ಮೊಟ್ಟೆ ತಿನ್ನುವವರು ಅಂತ ಅನ್ನಿಸಿಕೊಂಡವರು ನಾವು. ತಿಂದದ್ದಕ್ಕಿಂತ ಅನ್ನಿಸಿಕೊಂಡದ್ದೇ ಜಾಸ್ತಿ.

ಇಸ್ಕೂಲಿನಲ್ಲಿ ಏನಾಯ್ತು? ಲೆಕ್ಕ ತಪ್ಪಿದರೆ ಮೇಷ್ಟ್ರು ಸೊನ್ನೆ ಸುತ್ತಿ 'ತಗೋ ಕೋಳಿಮೊಟ್ಟೆ' ಅಂತಿದ್ದರು. ಇಡೀ ತರಗತಿ ನಗ್ತಿತ್ತು. ಅಂದರೆ ಇಸ್ಕೂಲು ನಮ್ಮ ಪ್ಲೇಟಿಗೆ ಮೊಟ್ಟೆ ಹಾಕೋದಕ್ಕೆ ಎಷ್ಟೋ ವರ್ಷ ಮುಂಚೆ ನಮ್ಮ ಸ್ಲೇಟಿಗೆ ಹಾಕಿತ್ತು.

ಈಗ ಆ 'ಲೋಳೆ' ಅನ್ನೋ ಮಾತನ್ನು ನೋಡೋಣ. ಲೋಳೆ ಅಂದರೆ ನಮ್ಮ ಆಡುಮಾತಿನಲ್ಲಿ ಏನು? ಬಸವನಹುಳು ಹರಿದ ಜಾಡು. ಬೆಂಡೆಕಾಯಿ ಹೆಚ್ಚಿದಾಗ ಕೈಗೆ ಅಂಟೋದು. ಮೂಗಿನದು, ಗಂಟಲಿನದು. ಮುಟ್ಟಿದರೆ ಕೈ ಒರೆಸಿಕೊಳ್ಳಬೇಕು ಅನ್ನಿಸುವಂಥದ್ದು. ಮಕ್ಕಳು ಆಸೆಪಟ್ಟು ತಿನ್ನುವ ಒಂದು ಆಹಾರಕ್ಕೆ ಈ ಹೆಸರು ಯಾಕೆ ಬಂತು? ಯಾರೋ ಬೇಕೂಂತ ಅವಮಾನ ಮಾಡಿದರು ಅಂತ ನಾವು ಹೇಳೋದಿಲ್ಲ. ಕಾರಣ ಇನ್ನೂ ಸರಳವಾಗಿದೆ.

ಹಸಿ ಮೊಟ್ಟೆ ಒಂದನ್ನು ಒಡೆದು ಬಟ್ಟಲಿಗೆ ಹಾಕಿ ನೋಡಿ. ಹಳದಿಯ ಸುತ್ತ ಇರೋದು ಬೆಳ್ಳಗಿದೆಯಾ? ಇಲ್ಲ. ಆಚೆ ಈಚೆ ಕಾಣುವಂಥ ತಿಳಿ, ಕೊಂಚ ಹಳದಿ ಹಸುರು ಬಣ್ಣ, ಅಷ್ಟೆ. ಅದರಲ್ಲಿ ನೂರಕ್ಕೆ ಸುಮಾರು 88 ಭಾಗ ನೀರು. ಸುಮಾರು 10 ಭಾಗ ಪ್ರೋಟೀನು. ಬೆಳ್ಳಗಾಗೋದು ಬೆಂಕಿ ತಾಕಿದ ಮೇಲೆ. ಪ್ರೋಟೀನು ಅನ್ನೋದು ದಾರದುಂಡೆಯ ಹಾಗೆ ಸುತ್ತಿಕೊಂಡು ನೀರಲ್ಲಿ ತೇಲ್ತಿರ್ತದೆ. ಬಿಸಿ 60 ಡಿಗ್ರಿ ದಾಟಿತು ಅಂದರೆ ಉಂಡೆಗಳು ಬಿಚ್ಚಿಕೊಳ್ಳೋಕೆ ಶುರುವಾಗ್ತವೆ. ಬಿಚ್ಚಿದ ದಾರಗಳು ಒಂದಕ್ಕೊಂದು ಸಿಕ್ಕು ಹಾಕಿಕೊಂಡು ಬಲೆಯಾಗ್ತವೆ. ನೀರೆಲ್ಲ ಆ ಬಲೆಯೊಳಗೆ ನಿಂತುಬಿಡ್ತದೆ. ಬಿದ್ದ ಬೆಳಕು ನೇರ ಹಾಯೋಕಾಗದೆ ಚೆದುರಿ ಹೋಗ್ತದೆ. ಅದೇ ಬಿಳಿ. ಅದರಲ್ಲಿ ಎಲ್ಲಕ್ಕಿಂತ ಹೆಚ್ಚಾಗಿರೋ ಓವಾಲ್ಬುಮಿನ್ ಅನ್ನೋ ಪ್ರೋಟೀನು ಪೂರ್ತಿ ಗಟ್ಟಿಯಾಗೋಕೆ 80 ಡಿಗ್ರಿ ಹತ್ತಿರ ಬೇಕು.

ಈಗ ಅರ್ಥವಾಯ್ತಲ್ಲ? ಹಸಿಯದನ್ನು ಗಾಜಿನ ತಟ್ಟೆಯಲ್ಲಿಟ್ಟು ನೋಡಿದರೆ ಅದು ಲೋಳೆ. ಒಲೆ ಮುಂದೆ ಕೂತು ಬೇಯಿಸಿದರೆ ಅದು ಬಿಳೀದು. ಎರಡೂ ಕಣ್ಣಿಂದ ಕಂಡ ಸತ್ಯವೇ. ಆದರೆ ಪುಸ್ತಕಕ್ಕೆ ಹೋದದ್ದು ಮೊದಲನೇ ಹೆಸರು. ಒಲೆ ಮುಂದೆ ಕೂತವಳ ಹೆಸರು ಅಡಿಗೆಮನೆ ಬಿಟ್ಟು ಆಚೆ ಬರಲಿಲ್ಲ. ಮಗು ಉತ್ತರ ಪತ್ರಿಕೆಯಲ್ಲಿ 'ಮೊಟ್ಟೆಯ ಬಿಳೀದು' ಅಂತ ಬರೆದರೆ ಕೆಂಪು ಇಂಕಿನ ಗೀಟು.

ಹೆಸರಿಡೋಕೆ ನಮ್ಮ ಜನಕ್ಕೆ ಬರೋದಿಲ್ಲವಾ? ಬರ್ತದೆ. ಚನ್ನರಾಯಪಟ್ಟಣದ ಕಡೆಯವರು ಇಲ್ಲಿದ್ದೀರಿ, ತೆಂಗಿನ ಸೀಮೆಯವರು. ಎಳನೀರು ಕುಡಿದ ಮೇಲೆ ಬುರುಡೆ ಸೀಳಿಸಿ ಒಳಗಿನ ತೆಳ್ಳಗಿನ ಬಿಳೀದನ್ನು ಕೆರೆದು ತಿಂತೀರಲ್ಲ, ಅದಕ್ಕೆ ಏನಂತೀರಿ? ಗಂಜಿ. ಅದೂ ಜಾರ್ತದೆ, ಅದೂ ಅಂಟ್ತದೆ. ಆದರೂ ಯಾರೂ ಅದನ್ನು ಲೋಳೆ ಅನ್ನಲಿಲ್ಲ. ತಿನ್ನೋ ವಸ್ತುವಿಗೆ ತಿನ್ನೋ ಹೆಸರನ್ನೇ ಕೊಟ್ಟರು. ಅರಕಲಗೂಡಿನ ಹೊಲಗಳಿಗೆ ತಂಬಾಕು ಬಂತು. ಅದು ಈ ದೇಶದ ಗಿಡವೇ ಅಲ್ಲ. ರೈತ ಅದಕ್ಕೆ 'ಹೊಗೆಸೊಪ್ಪು' ಅಂದ. ಎರಡೇ ತುಣುಕು, ಗಿಡದ ಗುಣವೆಲ್ಲ ಬಂತು. ಹಾಸನದ ಆಲೂಗಡ್ಡೆಯೂ ಹೊರಗಿಂದ ಬಂದದ್ದೇ. ಆಲೂ ಅನ್ನೋದಕ್ಕೆ ಗಡ್ಡೆ ಅಂತ ನಮ್ಮದೊಂದು ಬಾಲ ಕಟ್ಟಿ ಮನೆಯವರನ್ನಾಗಿ ಮಾಡಿಕೊಂಡೆವು. ದುಡಿಯೋ ಜನಕ್ಕೆ ಹೆಸರಿಡೋ ಬುದ್ಧಿ ಇದೆ. ಅದನ್ನು ಪುಸ್ತಕಕ್ಕೆ ಹತ್ತಿಸೋ ಅಧಿಕಾರ ಇರಲಿಲ್ಲ, ಅಷ್ಟೆ.

ಬೇರೆ ದೇಶದವರು ಏನು ಮಾಡಿದರು ಅಂತ ನೋಡಿ. 'ಆಲ್ಬುಮಿನ್' ಅಂದರೆ ನಡುಗಬೇಕಾಗಿಲ್ಲ. ಲ್ಯಾಟಿನ್ ಭಾಷೆಯಲ್ಲಿ 'ಆಲ್ಬಸ್' ಅಂದರೆ ಬಿಳಿ. 'ಆಲ್ಬುಮೆನ್' ಅಂದರೆ ಮೊಟ್ಟೆಯ ಬಿಳೀದು. ಅಂದರೆ ರೋಮಿನ ಜನ ಹೇಳಿದ್ದೂ ನಮ್ಮವ್ವ ಹೇಳಿದ್ದೂ ಒಂದೇ ಮಾತು. ಅದು ಲ್ಯಾಟಿನ್ನಿನಲ್ಲಿದ್ದರೆ ವಿಜ್ಞಾನ, ನಮ್ಮವ್ವನ ಬಾಯಲ್ಲಿದ್ದರೆ ಹಳ್ಳಿ ಮಾತು!

1838ರಲ್ಲಿ ಹಾಲೆಂಡಿನ ಮುಲ್ಡರ್ ಅನ್ನೋ ರಸಾಯನಶಾಸ್ತ್ರಜ್ಞ ಮೊಟ್ಟೆಯ ಬಿಳೀದು, ರೇಷ್ಮೆ, ರಕ್ತದ ಹೆಪ್ಪು ಇವನ್ನೆಲ್ಲ ಒಡೆದು ನೋಡಿ, ಇವೆಲ್ಲದರಲ್ಲೂ ಒಂದೇ ಬಗೆಯ ಮೂಲವಸ್ತು ಇದೆ ಅಂತ ಹೇಳಿದ. ಸ್ವೀಡನ್ನಿನ ಬೆರ್ಜೀಲಿಯಸ್ ಅವನಿಗೆ ಕಾಗದ ಬರೆದು 'ಪ್ರೋಟೀನ್' ಅನ್ನೋ ಹೆಸರು ಸೂಚಿಸಿದ. ಗ್ರೀಕ್ ಮಾತಿನಿಂದ ಮಾಡಿದ್ದು, ಮೊದಲ ಸ್ಥಾನದ್ದು ಅಂತ ಅರ್ಥ. ಪ್ರಪಂಚವೆಲ್ಲ ಆ ಹೆಸರು ಹಿಡೀತು. ಆದರೆ ಮುಲ್ಡರನ ಸ್ವಂತ ನಾಡಿನಲ್ಲಿ ಜನ ಇವತ್ತಿಗೂ ಪ್ರೋಟೀನಿಗೆ 'ಐವಿಟ್' ಅಂತಾರೆ. ಐವಿಟ್ ಅಂದರೆ ಮೊಟ್ಟೆಯ ಬಿಳೀದು! ಜರ್ಮನಿಯಲ್ಲೂ ಹಾಗೇ, 'ಐವೈಸ್'. ಬೇಳೆಯಲ್ಲಿ ಎಷ್ಟು ಐವೈಸ್, ಮೀನಲ್ಲಿ ಎಷ್ಟು ಐವೈಸ್ ಅಂತ ಕೇಳ್ತಾರೆ. ಅಲ್ಲಿನ ಕೂಲಿಕಾರನ ಮಗು ವಿಜ್ಞಾನದ ಪುಸ್ತಕ ತೆಗೆದರೆ ಬೆಳಗ್ಗೆ ತಾನು ತಿಂದ ಮೊಟ್ಟೆಯೇ ಆ ಪುಟದಲ್ಲಿ ಕೂತಿರ್ತದೆ.

ನಮ್ಮ ಮಗು ಪುಸ್ತಕ ತೆಗೆದರೆ ಏನು ಕೂತಿರ್ತಿತ್ತು? ಸಸಾರಜನಕ. ಇದು ತಪ್ಪು ಪದ ಅಲ್ಲ. ಸಾರಜನಕ ಅಂದರೆ ನೈಟ್ರೋಜನ್. ಅದು ಕೂಡಿರೋದು ಸಸಾರಜನಕ. ಪ್ರೋಟೀನಿನ ತೂಕದಲ್ಲಿ ನೂರಕ್ಕೆ ಸುಮಾರು 16 ಭಾಗ ಸಾರಜನಕವೇ. ಪದ ಮಾಡಿದವರಿಗೆ ರಸಾಯನಶಾಸ್ತ್ರ ಗೊತ್ತಿತ್ತು. ಹಸಿದ ಮಗು ಗೊತ್ತಿರಲಿಲ್ಲ. ಬಾಯಿಪಾಠ ಮಾಡಿ ಬರೆದೆವು, ನಂಬರು ತಗೊಂಡೆವು. ಆದರೆ ಆ ಪದ ನಮ್ಮ ಹೊಟ್ಟೆಗೆ ಸಂಬಂಧಪಟ್ಟದ್ದು ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಹೊಳೀತು? ಗೊತ್ತಿರೋ ಹೆಸರಿದ್ದರೆ ಕೇಳಬಹುದು. 'ನಮಗೆ ಬಿಳೀದು ಬೇಕು' ಅಂತ ಮಗು ಕೇಳ್ತದೆ. 'ನಮಗೆ ಸಸಾರಜನಕ ಬೇಕು' ಅಂತ ಯಾವ ಮಗು ಕೇಳೀತು?

ತಾಯಂದಿರ ಮಾತು ವಿಜ್ಞಾನ ಆಗೋದಿಲ್ಲ ಅಂತ ಹೇಳೋರಿಗೆ ಇನ್ನೊಂದು ಉದಾಹರಣೆ ಕೊಡೋಣ. ಇವತ್ತು ಗೋಲ್ಡ್ ಕೋಸ್ಟ್ ಹೋಗಿ ಘಾನಾ ಆಗಿರೋ ಆಫ್ರಿಕದ ದೇಶದಲ್ಲಿ 1930ರ ದಶಕದಲ್ಲಿ ಸಿಸಿಲಿ ವಿಲಿಯಮ್ಸ್ ಅನ್ನೋ ಡಾಕ್ಟರಮ್ಮ ಕೆಲಸ ಮಾಡ್ತಿದ್ದರು. ಕಾಲು ಊದಿ, ಚರ್ಮ ಸುಲಿದು, ಕೂದಲು ಬಣ್ಣಗೆಟ್ಟು ಸಾಯ್ತಿದ್ದ ಮಕ್ಕಳನ್ನು ನೋಡಿದರು. ಇದಕ್ಕೆ ಏನಂತೀರಿ ಅಂತ ಅಲ್ಲಿನ ಗಾ ಭಾಷೆಯ ತಾಯಂದಿರನ್ನೇ ಕೇಳಿದರು. 'ಕ್ವಾಶಿಯೋರ್ಕರ್' ಅಂದರು ಅವರು. ಇನ್ನೊಂದು ಮಗು ಹುಟ್ಟಿದಾಗ ಎದೆಹಾಲಿನಿಂದ ದೂರವಾದ ಮಗುವಿಗೆ ಬರೋ ಕಾಯಿಲೆ ಅಂತ ಅದರ ಅರ್ಥ. 1935ರಲ್ಲಿ ಆ ಡಾಕ್ಟರಮ್ಮ ಅದೇ ಹೆಸರನ್ನು ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಇವತ್ತು ಪ್ರಪಂಚದ ಎಲ್ಲ ಮೆಡಿಕಲ್ ಕಾಲೇಜಿನಲ್ಲೂ, ಹಾಸನದ ಮೆಡಿಕಲ್ ಕಾಲೇಜಿನಲ್ಲೂ, ಆ ಕರಿಯ ತಾಯಂದಿರ ಮಾತೇ ಪಾಠ. ಪ್ರೋಟೀನು ಸಾಲದೆ ಬರೋ ಕಾಯಿಲೆ ಅಂತ ಆಗ ತಿಳಿದಿದ್ದರು. ಅದೊಂದೇ ಕಾರಣ ಅಲ್ಲ ಅಂತ ಈಚೆಗೆ ತಿಳಿದಿದ್ದಾರೆ. ಕಾರಣದ ಲೆಕ್ಕ ಬದಲಾಯ್ತು, ತಾಯಂದಿರ ಹೆಸರು ಬದಲಾಗಲಿಲ್ಲ.

ನಮ್ಮ ತಾಯಂದಿರಿಗೂ ಈ ಬಿಳೀದಕ್ಕೂ ಇನ್ನೊಂದು ಸಂಬಂಧ ಇದೆ. ಬಸುರಿ ಹೆಂಗಸು ಸರ್ಕಾರಿ ಆಸ್ಪತ್ರೆಗೆ ಹೋದರೆ ಮೂತ್ರ ಪರೀಕ್ಷೆ ಮಾಡ್ತಾರೆ. ತಾಯಿ ಕಾರ್ಡಿನಲ್ಲಿ 'ಆಲ್ಬುಮಿನ್' ಅಂತ ಬರೀತಾರೆ. ಅದು ಇದೆ ಅಂದರೆ ರಕ್ತದಲ್ಲಿರಬೇಕಾದ ಪ್ರೋಟೀನು ಮೂತ್ರದಲ್ಲಿ ಸೋರ್ತಿದೆ ಅಂತ. ಬಿ.ಪಿ. ಏರಿ ತಾಯಿಗೂ ಮಗುವಿಗೂ ಅಪಾಯ ಬರಬಹುದು ಅನ್ನೋ ಎಚ್ಚರಿಕೆ ಅದು. ಹಿಂದೆ ಇದನ್ನು ಹೇಗೆ ನೋಡ್ತಿದ್ದರು ಗೊತ್ತಾ? ಗಾಜಿನ ಕೊಳವೆಯಲ್ಲಿ ಮೂತ್ರ ಹಾಕಿ ದೀಪದ ಮೇಲೆ ಕಾಯಿಸ್ತಿದ್ದರು. ಬೆಳ್ಳಗೆ ಮೋಡ ಕಟ್ಟಿದರೆ ಆಲ್ಬುಮಿನ್ ಇದೆ ಅಂತ. ಬಾಣಲೆಯಲ್ಲಿ ಮೊಟ್ಟೆ ಬೆಳ್ಳಗಾಗೋದೂ ಕೊಳವೆಯಲ್ಲಿ ಮೋಡ ಕಟ್ಟೋದೂ ಒಂದೇ ಕೆಲಸ. 'ಅಮ್ಮಾ, ಮೊಟ್ಟೆ ಬಿಳೀದರಂಥದ್ದು ನಿನ್ನ ಮೈಯಿಂದ ಸೋರ್ತಿದೆ' ಅಂತ ಒಂದು ಮಾತು ಹೇಳಿದರೆ ಅವಳು ಗಾಬರಿಯಾಗಿ ನಾಳೆಯೇ ವಾಪಸು ಬರ್ತಾಳೆ. 'ಆಲ್ಬುಮಿನ್ ಪಾಸಿಟಿವ್' ಅಂದರೆ, ಪಾಸಾಯ್ತಲ್ಲ ಅಂತ ಮನೆಗೆ ಹೋಗ್ತಾಳೆ. ಗೆಳೆಯರೇ, ಇದು ಭಾಷೆಯ ಚರ್ಚೆ ಅಲ್ಲ, ಜೀವದ ಪ್ರಶ್ನೆ.

ಹಾಗಂತ ಲೋಳೆ ಅನ್ನೋ ಪದವನ್ನೇ ಗಡೀಪಾರು ಮಾಡಬೇಕು ಅಂತ ನಾವು ಹೇಳ್ತಿಲ್ಲ. ನ್ಯಾಯವಾಗಿ ಮಾತಾಡೋಣ. 1922ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್, ಮುಂದೆ ಪೆನಿಸಿಲಿನ್ ಕಂಡುಹಿಡಿದನಲ್ಲ ಅವನೇ, ನೆಗಡಿಯ ಮೂಗಿನ ಲೋಳೆಯಲ್ಲಿ ಬ್ಯಾಕ್ಟೀರಿಯ ಕೊಲ್ಲುವ ಒಂದು ವಸ್ತು ಇದೆ ಅಂತ ತೋರಿಸಿದ. ಹೆಸರು ಲೈಸೋಜೈಮ್. ಅದು ಕಣ್ಣೀರಿನಲ್ಲೂ ಇದೆ, ಮೊಟ್ಟೆಯ ಬಿಳೀದರಲ್ಲಂತೂ ಧಾರಾಳವಾಗಿದೆ. ಮೊಟ್ಟೆಯೊಳಗಿನ ಮರಿಗೆ ಅದು ಕಾವಲು. ಹಸೀ ಲೋಳೆ ಅಂದರೆ ಹೇಸಿಗೆಯಲ್ಲ, ಕಾವಲುಗಾರ ಅಂತ ಆಯ್ತು. ಆದ್ದರಿಂದ ಲೋಳೆಯೂ ಇರಲಿ. ಆದರೆ ಅದರ ಪಕ್ಕದಲ್ಲಿ 'ಬಿಳೀದು' ಅನ್ನೋ ಮಾತಿಗೂ ಬೆಂಚಿನ ಮೇಲೆ ಜಾಗ ಬೇಕು. ಇಷ್ಟೇ ನಮ್ಮ ತಕರಾರು.

ಇನ್ನು ಮೊಟ್ಟೆಯ ಜಾತಿಗೆ ಬರೋಣ.

ಸಂಸ್ಕೃತದಲ್ಲಿ ಮೊಟ್ಟೆಗೆ 'ಅಂಡ'. ಇಡೀ ವಿಶ್ವಕ್ಕೆ 'ಬ್ರಹ್ಮಾಂಡ', ಬ್ರಹ್ಮನ ಮೊಟ್ಟೆ. 'ದ್ವಿಜ' ಅಂದರೆ ಎರಡು ಸಲ ಹುಟ್ಟಿದವನು. ಬ್ರಾಹ್ಮಣನಿಗೂ ದ್ವಿಜ ಅಂತಾರೆ, ಹಕ್ಕಿಗೂ ದ್ವಿಜ ಅಂತಾರೆ. ಹಕ್ಕಿ ಒಂದು ಸಲ ಮೊಟ್ಟೆಯಾಗಿ, ಇನ್ನೊಂದು ಸಲ ಮೊಟ್ಟೆ ಒಡೆದು ಹುಟ್ತದಲ್ಲ, ಅದಕ್ಕೆ. ಅಂದರೆ ತನ್ನ ಹಿರಿಮೆಗೆ ಹೆಸರು ಹುಡುಕುವಾಗ ಮೊಟ್ಟೆಯೊಳಗಿಂದ ಬಂದ ಹಕ್ಕಿಯ ಪಕ್ಕದಲ್ಲೇ ನಿಲ್ಲೋಕೆ ಅಡ್ಡಿ ಇಲ್ಲ. ಊಟಕ್ಕೆ ಕೂತಾಗ ಮಾತ್ರ ಬೇರೆ ಕಾನೂನು. ಮನುಸ್ಮೃತಿಯ ಐದನೇ ಅಧ್ಯಾಯದಲ್ಲಿ ದ್ವಿಜನಿಗೆ ನಿಷೇಧದ ಪಟ್ಟಿಯೇ ಇದೆ: ಊರಕೋಳಿ, ಊರಹಂದಿ, ಬೆಳ್ಳುಳ್ಳಿ, ಈರುಳ್ಳಿ, ಅಣಬೆ. ಬೇಕೆಂದು ತಿಂದರೆ ಪತಿತನಾಗ್ತಾನಂತೆ. ಬಾಬಾಸಾಹೇಬರು 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಸುಟ್ಟದ್ದು ಇದೇ ಪುಸ್ತಕವನ್ನು. ಆಕಾಶದಲ್ಲಿ ಮೊಟ್ಟೆ ಪೂಜ್ಯ, ತಟ್ಟೆಯಲ್ಲಿ ಮೊಟ್ಟೆ ಮೈಲಿಗೆ!

ಇದು ಹಳೇ ಕಾಲದ ಮಾತು ಅಂತೀರಾ? ಪೇಟೆಯಲ್ಲಿ ಬಾಡಿಗೆ ರೂಮು ಹುಡುಕಿಕೊಂಡು ಹೋದವರು ಇಲ್ಲಿ ಎಷ್ಟು ಜನ ಇದ್ದೀರಿ? ಮನೆ ಮಾಲೀಕರು ಈಗ ಬುದ್ಧಿವಂತರು. ಜಾತಿ ಯಾವುದು ಅಂತ ಕೇಳೋದಿಲ್ಲ. ಕಾನೂನು ಗೊತ್ತು. 'ಏನಪ್ಪ, ಮೊಟ್ಟೆಗಿಟ್ಟೆ ತಿಂತೀರಾ?' ಅಂತಾರೆ. ಅಷ್ಟರಲ್ಲೇ ಎಲ್ಲ ಬಂತು. ನಾವು ಏನಂತೀವಿ? 'ಇಲ್ಲ ಸಾರ್' ಅಂತೀವಿ. ಆಮೇಲೆ ಬಾಗಿಲು ಹಾಕ್ಕೊಂಡು ಬೇಯಿಸಿ, ಸಿಪ್ಪೆಯನ್ನು ಪೇಪರಿನಲ್ಲಿ ಸುತ್ತಿ, ಬಸ್‌ಸ್ಟ್ಯಾಂಡಿನ ತನಕ ಹೋಗಿ ಎಸೆದು ಬರ್ತೀವಿ. ಅದೇ ಬೀದಿಯ ಜಿಮ್ಮಿನಲ್ಲಿ ಅದೇ ಮಾಲೀಕರ ಮಗ 'ಡೈಲಿ ಆರು ಎಗ್‌ವೈಟ್' ಅಂತ ಎದೆ ಉಬ್ಬಿಸಿ ಹೇಳ್ತಾನೆ. ಅದು ಡಯಟ್ಟು. ನಮ್ಮದು ಮೊಟ್ಟೆ. ಇಂಗ್ಲಿಷಿಗೆ ಮಡಿ ಇದೆ, ಕನ್ನಡಕ್ಕೆ ಮೈಲಿಗೆ ಇದೆ.

'ಶುದ್ಧ ಸಸ್ಯಾಹಾರಿ' ಅನ್ನೋ ಬೋರ್ಡನ್ನೇ ನೋಡಿ. ಸಸ್ಯಾಹಾರಿ ಅಂದರೆ ಸಾಕಾಗಿತ್ತು. ಶುದ್ಧ ಅಂತ ಸೇರಿಸಿದ್ದು ಎದುರುಗಡೆಯವನನ್ನು ನೋಡಿ. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೇ ಕನ್ನಡ ಸಾಹಿತ್ಯ ಸಮ್ಮೇಳನ ನಡೀತು. ಮಳಿಗೆಗಳಿಗೆ ಹಾಕಿದ್ದ ಷರತ್ತಿನಲ್ಲಿ ಮದ್ಯ, ತಂಬಾಕು, ಮಾಂಸಾಹಾರ ಮೂರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ನಿಷೇಧಿಸಿದ್ದರು. ಮಂಡ್ಯ ಸೀಮೆಯಲ್ಲಿ ಬಾಡೂಟ ತಿನ್ನೋ ಜನ ಕನ್ನಡಿಗರಲ್ಲವಾ? ಅವರ ಊಟ ಹೆಂಡ, ಬೀಡಿಗಳ ಪಕ್ಕ ನಿಲ್ಲೋ ಚಟವಾ? ಗಲಾಟೆಯಾಯ್ತು, 'ಬಾಡೂಟ' ಅನ್ನೋ ನಮ್ಮ ಸೀಮೆಯ ಮಾತು ಪೇಪರಿನ ತಲೆಬರಹಕ್ಕೆ ಬಂತು. ಕೊನೆಯ ದಿನ ಬೇಯಿಸಿದ ಮೊಟ್ಟೆ ಹಂಚಿದರು. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು 'ಬೂಸಾ' ಅಂದದ್ದಕ್ಕೆ ಮಂತ್ರಿಗಿರಿ ಹೋಯ್ತು, ಹಾಸ್ಟೆಲ್ ಹುಡುಗರಿಗೆ ಏಟು ಬಿತ್ತು. ಬೂಸಾ ಅನ್ನೋದು ದನದ ತಿನಿಸಿನ ಹೆಸರು. ಒಂದು ತಿನಿಸಿನ ಹೆಸರಿನಿಂದ ಒಂದು ಚಳವಳಿಯೇ ಎದ್ದ ನಾಡು ಇದು. ತಿನಿಸಿನ ಹೆಸರು ಸಣ್ಣದು ಅಂತ ಇನ್ನೂ ಯಾರಾದರೂ ಹೇಳ್ತಾರಾ?

ಈ ಹೆಸರಿನ ಜಗಳ ಮಕ್ಕಳ ತಟ್ಟೆಗೆ ಹೇಗೆ ಅಡ್ಡ ಬಂತು ಅಂತ ಈಗ ನೋಡೋಣ. ಶಾಲೆಯಲ್ಲಿ ಬೇಯಿಸಿದ ಊಟ ಕೊಡಬೇಕು ಅಂತ ಸುಪ್ರೀಂ ಕೋರ್ಟು 2001ರ ನವೆಂಬರ್ 28ರಂದು ಆದೇಶ ಮಾಡಿತು. ಅಡಿಗೆ ಕೆಲಸಕ್ಕೆ ದಲಿತರಿಗೆ ಆದ್ಯತೆ ಕೊಡಬೇಕು ಅಂತ 2004ರ ಏಪ್ರಿಲ್‌ನಲ್ಲಿ ಅದೇ ಕೋರ್ಟು ಹೇಳಿತು. ಕರ್ನಾಟಕದಲ್ಲಿ 2002ರಲ್ಲಿ ಅಕ್ಷರ ದಾಸೋಹ ಶುರುವಾಯ್ತು. ಪಕ್ಕದ ತಮಿಳುನಾಡಿನಲ್ಲಿ 1989ರಲ್ಲೇ ಶಾಲೆಯ ಊಟಕ್ಕೆ ಮೊಟ್ಟೆ ಬಂದಿತ್ತು. ನಮ್ಮಲ್ಲಿ 2021ರ ಡಿಸೆಂಬರ್ ತನಕ ಕಾಯಬೇಕಾಯ್ತು. ಆಗಲೂ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರ ಈ ಏಳು ಜಿಲ್ಲೆಗೆ ಮಾತ್ರ. ಕೆಲವು ಮಠಾಧೀಶರು ಬೀದಿಗಿಳಿದರು. ಗಂಗಾವತಿಯ ಒಬ್ಬ ಶಾಲಾ ಹುಡುಗಿ, ನಮಗೆ ಮೊಟ್ಟೆ ಬೇಕು, ಕೊಡದಿದ್ದರೆ ನಿಮ್ಮ ಮಠಕ್ಕೇ ಬಂದು ತಿಂತೀವಿ ಅನ್ನೋ ಅರ್ಥದಲ್ಲಿ ಕೊಟ್ಟ ಉತ್ತರವನ್ನು ನಾಡೆಲ್ಲ ಕೇಳಿತು. ಆ ಹುಡುಗಿ 'ಪೌಷ್ಟಿಕಾಂಶ' ಅನ್ನಲಿಲ್ಲ. ಮೊಟ್ಟೆ ಅಂದಳು. ಅದಕ್ಕೇ ನಾಟಿತು.

2022ರಲ್ಲಿ ಮೊಟ್ಟೆ ನಮ್ಮ ಹಾಸನವೂ ಸೇರಿ ಎಲ್ಲ ಜಿಲ್ಲೆಗೂ ಬಂತು. ಅದೇ ವರ್ಷ ಹೊಸ ಶಿಕ್ಷಣ ನೀತಿಗಾಗಿ ರಾಜ್ಯದಲ್ಲಿ ತಯಾರಾದ ಒಂದು ವರದಿ, ಮೊಟ್ಟೆ ಮಾಂಸ ದಿನಾ ತಿಂದರೆ ಮಕ್ಕಳಿಗೆ ಕಾಯಿಲೆ ಬರ್ತದೆ ಅನ್ನೋ ಧಾಟಿಯಲ್ಲಿ ಬರೀತು. ಅತ್ತ ಗದಗಿನ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯದವರು ಮೊಟ್ಟೆ ಕೊಟ್ಟ ಯಾದಗಿರಿಯ ಮಕ್ಕಳನ್ನೂ ಕೊಡದ ಗದಗಿನ ಮಕ್ಕಳನ್ನೂ ತೂಕ ಹಾಕಿ ನೋಡಿದರು. ಯಾದಗಿರಿಯ ಮಕ್ಕಳ ತೂಕ ಹೆಚ್ಚು ಏರಿತ್ತು. ತಕ್ಕಡಿಗೆ ಮಠ ಗೊತ್ತಿಲ್ಲ. 2024ರ ಸೆಪ್ಟೆಂಬರಿನಿಂದ ಅಜೀಂ ಪ್ರೇಮ್‌ಜಿ ಫೌಂಡೇಷನ್ನಿನ ದುಡ್ಡೂ ಸೇರಿ ವಾರಕ್ಕೆ ಆರು ದಿನ ಮೊಟ್ಟೆ ಅಂತಾಯ್ತು. ಆದರೂ 2025ರಲ್ಲಿ ಪಕ್ಕದ ಮಂಡ್ಯದ ಆಲಕೆರೆಯಲ್ಲಿ, ಶಾಲೆಯಲ್ಲಿ ಮೊಟ್ಟೆ ಬೇಯಿಸಬಾರದು ಅಂತ ಹಲವು ಪೋಷಕರು ಟಿ.ಸಿ. ತಗೊಂಡು ಮಕ್ಕಳನ್ನು ಬೇರೆ ಶಾಲೆಗೆ ಸೇರಿಸಿದರು.

ತಿನ್ನದವರಿಗೆ ಬಲವಂತ ಮಾಡಿ ಅಂತ ನಾವು ಯಾವತ್ತೂ ಹೇಳಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನಲ್ಲೇ ಶ್ರವಣಬೆಳಗೊಳ ಇದೆ. ಅಲ್ಲಿಯ ಜೈನರ ಮನೆಯ ಮಗು ಮೊಟ್ಟೆ ಮುಟ್ಟದಿದ್ದರೆ ಅದರ ಮಾತಿಗೆ ಮರ್ಯಾದೆ ಕೊಡೋಣ. ಅಂಥ ಮಕ್ಕಳಿಗೆ ಬಾಳೆಹಣ್ಣು ಇಟ್ಟಿದ್ದಾರೆ. ಸರಿಯಾದದ್ದೇ. ಆದರೆ ತನ್ನ ತಟ್ಟೆಯಲ್ಲಿ ಬೇಡ ಅನ್ನೋದು ಬೇರೆ, ಪ್ರತಿ ಮಗುವಿನ ತಟ್ಟೆಯಿಂದ ತೆಗೀರಿ ಅನ್ನೋದು ಬೇರೆ. ಮೊದಲನೆಯದು ವ್ರತ. ಎರಡನೆಯದು ಯಜಮಾನಿಕೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35.4 ಜನ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ನೂರಕ್ಕೆ 65.5 ಜನಕ್ಕೆ ರಕ್ತಹೀನತೆ. ಈ ಮಕ್ಕಳೇನು ಮಠದ ಮಕ್ಕಳಾ, ಮಾಲೀಕರ ಮಕ್ಕಳಾ?

ಈಗ ನಿಮ್ಮ ತಟ್ಟೆಯ ಮಾತು. ಜಿಮ್ಮಿನವರನ್ನು ನೋಡಿ ನಮ್ಮ ಹುಡುಗರೂ ಈಚೆಗೆ ಹಳದೀದನ್ನು ಎತ್ತಿ ಪಕ್ಕಕ್ಕಿಡ್ತಾರೆ. ದಯವಿಟ್ಟು ಬೇಡ ಕಣ್ರಪ್ಪ. ಲೆಕ್ಕ ಕೇಳಿ. ಒಂದು ಸಾಮಾನ್ಯ ಮೊಟ್ಟೆಯ ಬಿಳೀದರಲ್ಲಿ ಸುಮಾರು 3.5 ಗ್ರಾಂ ಪ್ರೋಟೀನು. ಹಳದೀದರಲ್ಲಿ ಸುಮಾರು 2.7 ಗ್ರಾಂ. ಹೆಚ್ಚು ಕಡಿಮೆ ಅರ್ಧಕ್ಕೆ ಹತ್ತಿರ ಹಳದೀದರಲ್ಲೇ ಇದೆ! ಅದರ ಜೊತೆಗೆ ಎ ವಿಟಮಿನ್, ಡಿ ವಿಟಮಿನ್, ಕಬ್ಬಿಣ, ಮಿದುಳಿಗೆ ಬೇಕಾದ ಕೋಲೀನ್ ಹಳದೀದರಲ್ಲಿ. ಕೊಬ್ಬೂ ಅದರಲ್ಲೇ, ಸುಮಾರು 5 ಗ್ರಾಂ. ಕೊಬ್ಬು ಜಾಸ್ತಿಯಾದವರಿಗೆ, ಡಾಕ್ಟರು ಹೇಳಿದವರಿಗೆ ಬಿಳೀದು ಮಾತ್ರ ಸಾಕು. ಮುದ್ದೆ ಉಂಡು ಮೈಲಿಗಟ್ಟಲೆ ನಡೆದು ಕಾಲೇಜಿಗೆ ಹೋಗೋ ನಮಗೆ ಇಡೀ ಮೊಟ್ಟೆ ಬೇಕು. ಹಸಿಯಾಗಿ ಕುಡಿದರೆ ಶಕ್ತಿ ಅನ್ನೋದೂ ಸುಳ್ಳು. ಹಸೀ ಬಿಳೀದರಲ್ಲಿರೋ ಅವಿಡಿನ್ ಅನ್ನೋದು ಬಯೋಟಿನ್ ಅನ್ನೋ ವಿಟಮಿನ್ನನ್ನು ಹಿಡಿದಿಟ್ಟುಕೊಳ್ತದೆ, ಮೈಗೆ ಸೇರಗೊಡೋದಿಲ್ಲ. ಹೊಟ್ಟೆ ಕೆಡಿಸೋ ಕ್ರಿಮಿಯೂ ಇರಬಹುದು. ಬೇಯಿಸಿದರೆ ಈ ಎರಡು ತೊಂದರೆಯೂ ಇಲ್ಲ, ಪ್ರೋಟೀನೂ ಚೆನ್ನಾಗಿ ಅರಗ್ತದೆ. ಒಲೆ ಮುಂದೆ ಕೂತವಳಿಗೆ ಇದು ಯಾವ ಪುಸ್ತಕವೂ ಇಲ್ಲದೆ ಗೊತ್ತಿತ್ತು.

ಹಾಗಾದರೆ ಮಾಡಬೇಕಾದ್ದೇನು? ಮೂರೇ ಕೆಲಸ ಹೇಳ್ತೀವಿ.

ಒಂದು. ನಿಮ್ಮ ಹಾಸ್ಟೆಲ್ ಗೋಡೆ ಮೇಲಿನ ಊಟದ ಪಟ್ಟಿ ಓದಿ. ಮೊಟ್ಟೆ ಎಷ್ಟು ದಿನ ಅಂತ ಬರೆದಿದೆ, ತಟ್ಟೆಗೆ ಎಷ್ಟು ದಿನ ಬಂತು, ನೋಟುಪುಸ್ತಕದಲ್ಲಿ ತಾರೀಖು ಹಾಕಿ ಬರೆಯಿರಿ. ತಿಂಗಳ ಕೊನೆಗೆ ಎರಡನ್ನೂ ಪಕ್ಕಪಕ್ಕ ಇಟ್ಟು ವಾರ್ಡನ್ನರನ್ನು ಮರ್ಯಾದೆಯಿಂದ ಕೇಳಿ. ವ್ಯತ್ಯಾಸ ಇದ್ದರೆ ತಾಲ್ಲೂಕು ಅಧಿಕಾರಿಗೆ ಅರ್ಜಿ. ಅರ್ಜಿಯಲ್ಲಿ 'ಪೌಷ್ಟಿಕ ಆಹಾರದ ಕೊರತೆ' ಅಂತ ಬರೀಬೇಡಿ. 'ಇಂಥ ದಿನ ಇಷ್ಟು ಮೊಟ್ಟೆ ಬರಲಿಲ್ಲ' ಅಂತ ಬರೆಯಿರಿ. ಮೊದಲನೆಯದಕ್ಕೆ ಭಾಷಣ ಉತ್ತರ ಬರ್ತದೆ. ಎರಡನೆಯದಕ್ಕೆ ಲೆಕ್ಕ ಕೊಡಬೇಕಾಗ್ತದೆ.

ಎರಡು. ರಜಕ್ಕೆ ಊರಿಗೆ ಹೋದಾಗ ಅವ್ವ, ಅಜ್ಜಿ, ಸೋದರತ್ತೆಯರನ್ನು ಕೂರಿಸಿಕೊಂಡು ತಿನ್ನೋ ವಸ್ತುಗಳ ಹೆಸರು ಬರೆದುಕೊಳ್ಳಿ. ಮೊಟ್ಟೆಯ ಒಳಗಿನದಕ್ಕೆ, ಸೊಪ್ಪಿಗೆ, ಮೀನಿಗೆ, ಬಾಡಿನ ಒಂದೊಂದು ತುಂಡಿಗೆ ಏನಂತಾರೆ ಅಂತ. ಹೊಳೆನರಸೀಪುರದಲ್ಲಿ ಒಂದು, ಅರಕಲಗೂಡಿನಲ್ಲಿ ಇನ್ನೊಂದು ಇರಬಹುದು. ಬಡಗಣದ ಕಡೆ ಮೊಟ್ಟೆಗೇ ತತ್ತಿ ಅಂತಾರೆ, ತುಳುವರು ತೆತ್ತಿ ಅಂತಾರೆ. ಎಲ್ಲಾ ಬರೆದು ತನ್ನಿ. ನಾಳೆ ನಮ್ಮವರೇ ಮೇಷ್ಟ್ರಾಗ್ತಾರೆ, ನರ್ಸಾಗ್ತಾರೆ, ಪಾಠದ ಪುಸ್ತಕ ಬರೀತಾರೆ. ಆಗ ಈ ಪಟ್ಟಿ ಕೈಯಲ್ಲಿರಬೇಕು. ಪರೀಕ್ಷೆಯಲ್ಲಿ ಎರಡೂ ಹೆಸರು ಬರೆಯಿರಿ: 'ಬಿಳೀದು, ಅಂದರೆ ಬಿಳಿ ಲೋಳೆ'. ನಂಬರೂ ಹೋಗೋದಿಲ್ಲ, ಅವ್ವನೂ ಹೋಗೋದಿಲ್ಲ.

ಮೂರು. ಬಾಡಿಗೆ ರೂಮಿನ ಬಾಗಿಲಲ್ಲಿ ಆ ಪ್ರಶ್ನೆ ಬಂದಾಗ, ಆಗೋರು ತಲೆ ಎತ್ತಿ 'ತಿಂತೀವಿ' ಅನ್ನಿ. ಎಲ್ಲರಿಗೂ ಎಲ್ಲ ಸಲವೂ ಇದು ಆಗೋದಿಲ್ಲ ಅಂತ ನಮಗೆ ಗೊತ್ತು. ರಾತ್ರಿ ಎಂಟಕ್ಕೆ ಟ್ರಂಕು ಹಿಡಿದು ಬೀದಿಯಲ್ಲಿ ನಿಂತ ಹುಡುಗಿಗೆ ಧೈರ್ಯದ ಉಪದೇಶ ಮಾಡೋ ಹಕ್ಕು ನಮಗಿಲ್ಲ. ಅದಕ್ಕೇ ಒಬ್ಬೊಬ್ಬರಾಗಿ ಹೋಗಬೇಡಿ ಕಣ್ರಮ್ಮ, ನಾಲ್ಕು ಜನ ಸೇರಿ ಹೋಗಿ. ಒಬ್ಬರು ಹೇಳಿದರೆ ಅದು ತಪ್ಪೊಪ್ಪಿಗೆ ಥರ ಕೇಳ್ತದೆ. ನಾಲ್ಕು ಜನ ಹೇಳಿದರೆ ಅದು ಊಟದ ಸುದ್ದಿ ಅಷ್ಟೇ.

ನೀರಿಗೆ ನೀರು ಅಂತಲೇ ಹೆಸರಿಟ್ಟು ಕೆರೆಗೆ ಇಳಿದವರು ನಮ್ಮ ಹಿರಿಯರು. ಅನ್ನಕ್ಕೂ ಅದರದೇ ಹೆಸರಿಟ್ಟು ಕೇಳೋಣ. ಮೊಟ್ಟೆಗೆ ಮೊಟ್ಟೆ ಅನ್ನೋಣ, ಬಿಳೀದಕ್ಕೆ ಬಿಳೀದು ಅನ್ನೋಣ. ನಾಚಿಕೆಯಿಂದ ಪಿಸುಗುಟ್ಟಿ ಕೇಳಿದ್ದನ್ನು ಯಾವ ಸರ್ಕಾರವೂ ಕೊಟ್ಟಿಲ್ಲ.

ಜೈ ಭೀಮ್.